ಅಕ್ಕನ ಗೋದಡಿಯ ಒಳಪದರ

ಆಗೆಲ್ಲ ಹೊದಿಕೆಯನ್ನು ಅಂಗಡಿಯಿಂದ ತರುವುದೆಂದರೆ ನಮ್ಮ ಬಂಟ್ವಾಳ ಪೇಟೆಯಲ್ಲಿ ಸ್ವಲ್ಪ ನಾಚಿಕೆಯ ಸಂಗತಿಯೇ ಆಗಿತ್ತು. ಮನೆಯಲ್ಲಿ ಹಳೆ ಬಟ್ಟೆ ಇಲ್ಲವೇ, ಹೊಲಿಯುವ ಕೈ ಇಲ್ಲವೇ ಎಂದು ಜನ ಕೇಳಿಬಿಡುತ್ತಿದ್ದರು. ಐವತ್ತರ ದಶಕ ಮುಗಿದು ಅರವತ್ತು ಹಿಡಿದಿದ್ದ ಕಾಲ ಅದು. ಮಗು ಹುಟ್ಟಿದರೆ ಒಂದು ಗೋದಡಿ, ಹುಡುಗಿಗೆ ಮದುವೆ ನಿಶ್ಚಯವಾದರೆ ಒಂದು ಗೋದಡಿ, ಯಾರಾದರೂ ದೊಡ್ಡ ಜ್ವರ ಬಂದು ಎದ್ದರೆ ಅವರಿಗೂ ಒಂದು. ಕೆಳಗೊಂದು ಹಳೆ ಸೀರೆ, ಮೇಲೊಂದು ಹಳೆ ಸೀರೆ, ನಡುವೆ ಕಂಡಕಂಡವರ ಹರಕು ಬಟ್ಟೆಗಳ ಪದರ. ಎಲ್ಲ ಸೇರಿಸಿ ಈ ತುದಿಯಿಂದ ಆ ತುದಿಗೆ ಸಾಲುಸಾಲಾಗಿ ಕೈಹೊಲಿಗೆ. ನಿಮ್ಮಲ್ಲಿ ಅಂಥದ್ದನ್ನು ಹೊದ್ದು ಮಲಗಿದವರು ಇದ್ದರೆ ಅದರ ಸುಖವನ್ನು ನಾನು ವಿವರಿಸಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಗೋದಡಿ ಎಂದರೆ ದೊಡ್ಡತ್ತೆ. ಅಪ್ಪನ ಅಕ್ಕ. ಮದುವೆ ಎಂದರೇನೆಂದು ತಿಳಿಯುವ ಮೊದಲೇ ಮದುವೆಯಾಗಿ, ಗಂಡನ ಮುಖವನ್ನು ಸರಿಯಾಗಿ ನೋಡುವ ಮೊದಲೇ ಅವನನ್ನು ಕಳಕೊಂಡು ತವರಿಗೆ ಬಂದವಳು. ಆ ಕಾಲದ ಕ್ರಮದಂತೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ನಾನು ಹುಟ್ಟುವಾಗ ಅವಳಿಗೆ ಆಗಲೇ ನಡುವಯಸ್ಸು ದಾಟಿತ್ತು. ಆ ಕೆಂಪು ಬಿಟ್ಟು ಬೇರೆ ಬಣ್ಣದಲ್ಲಿ ಅವಳನ್ನು ನಾನು ಕಂಡದ್ದೇ ಇಲ್ಲ. ಹಾಗೆಂದು ಅಳುಬುರುಕಿಯೇನಲ್ಲ. ಬಾಯಿ ಜೋರು, ನಗು ಇನ್ನೂ ಜೋರು. ಮನೆಯೆದುರಿನ ಚಾವಡಿಯಲ್ಲಿ ಅವಳು ನಕ್ಕರೆ ಪಕ್ಕದ ಮನೆಯ ಕಾರ್ಮಿನ್ ಬಾಯಿ ಏನು ಸಂಗತಿ ಎಂದು ಕೇಳಿಕೊಂಡು ಬಂದೇ ಬರುತ್ತಿದ್ದರು.

ಅಡುಗೆಮನೆಯಲ್ಲಿ ದೊಡ್ಡತ್ತೆಯ ಮಡಿ ಎಂದರೆ ಮಡಿ. ಅವಳು ಮಿಂದು ಬಂದ ಮೇಲೆ ನಾವು ಮಕ್ಕಳು ಅತ್ತ ಮುಖ ಹಾಕುವ ಹಾಗಿರಲಿಲ್ಲ. ಆದರೆ ಚಾವಡಿಯಲ್ಲಿ ಗೋದಡಿ ಹಾಸಿದ ಕೂಡಲೇ ಅವಳು ಬೇರೆಯೇ ಮನುಷ್ಯಳಾಗುತ್ತಿದ್ದಳು. "ಗೋದಡಿಗೆ ಮಡಿ ಇಲ್ಲ ಮಾರಾಯ್ತಿ, ಯಾರದ್ದಾದರೂ ಆಗ್ತದೆ, ಒಗೆದದ್ದಾದರೆ ಸಾಕು" ಎಂದು ಅವಳೇ ಕಾನೂನು ಮಾಡಿದ್ದಳು. ಕಾರ್ಮಿನ್ ಬಾಯಿಯ ಮಗಳ ಹೂವಿನ ಫ್ರಾಕು, ಅಪ್ಪನ ಸವೆದ ಪಂಚೆ, ಎಲ್ಲವೂ ಒಂದರ ಮೇಲೊಂದು ಬೀಳುತ್ತಿದ್ದವು. ಜವುಳಿ ಗಂಟು ಹೊತ್ತು ಮನೆಮನೆಗೆ ಬರುತ್ತಿದ್ದ ಮುಸಲ್ಮಾನ ವ್ಯಾಪಾರಿ ಅದ್ರಾಮ ಬ್ಯಾರಿಗಳು ಒಮ್ಮೆ ಒಳ್ಳೆಯ ಹೊಸ ಬಟ್ಟೆಯ ತುಂಡು ಕೊಡಲು ಬಂದರೆ ದೊಡ್ಡತ್ತೆ ಮುಟ್ಟಲಿಲ್ಲ. "ಹೊಸತು ಮೈಗೆ ಚುಚ್ಚುತ್ತದೆ. ನೀವು ಉಟ್ಟು ಮೆದುವಾದದ್ದು ಏನಾದರೂ ಉಂಟಾ?" ಎಂದು ಕೇಳಿದಳು. ಅವರು ನಗುತ್ತ ಹೋಗಿ ಮುಂದಿನ ಸಲ ಬರುವಾಗ ತಮ್ಮ ಚೌಕುಳಿಯ ಲುಂಗಿಯನ್ನು ಒಗೆದು ಮಡಚಿ ತಂದುಕೊಟ್ಟರು.

ಆ ವರ್ಷದ ಬೇಸಿಗೆ ರಜೆಯಲ್ಲಿ ಹಾಸಿದ್ದು ನನ್ನ ಅಕ್ಕ ಸುಮತಿಯ ಗೋದಡಿ. ಅವಳಿಗೆ ಮುಂಡಾಜೆಯ ಕಡೆ ಮದುವೆ ಗೊತ್ತಾಗಿತ್ತು. ಚಾರ್ಮಾಡಿ ಘಾಟಿಯ ಬುಡ, ಬೆಳಗ್ಗೆ ಹಲ್ಲು ಕಟಕಟ ಎನ್ನುವ ಚಳಿಯಂತೆ, ನದಿದಂಡೆಯ ಸೆಕೆಯಲ್ಲಿ ಬೆಳೆದ ಹುಡುಗಿ ಹೇಗೆ ತಡೆಯುತ್ತಾಳೋ ಎಂದು ಎಲ್ಲರೂ ಮರುಗುವವರೇ. ಕೇಳಿದ್ದಕ್ಕಿಂತ ಹೆಚ್ಚೇ ಬಟ್ಟೆ ಬಂತು. ಮೂಡುಬಿದಿರೆಯಿಂದ ಅಕ್ಕನ ಗೆಳತಿಯೊಬ್ಬಳು ತನ್ನ ಅಜ್ಜಿಯ ಹಳೆ ಪತ್ತಲ ಸೀರೆಯನ್ನೇ ಕಳಿಸಿದ್ದಳು. ಎಲ್ಲವನ್ನೂ ಅಂಟುವಾಳಕಾಯಿ ಹಾಕಿ ನೇತ್ರಾವತಿಯ ಬಂಡೆಗಳ ಮೇಲೆ ಒಗೆದು ಹರವುವುದು. ಬಟ್ಟೆ ಒಣಗುವವರೆಗೆ ನಾವು ಮರಳಲ್ಲಿ ಕಲ್ಲಾಡುತ್ತಿದ್ದೆವು, ಗೇರುಹಣ್ಣು ಹಿಂಡಿ ಕುಡಿದು ಅಂಗಿಗೆ ಕಲೆ ಮಾಡಿಕೊಂಡು ಬೈಸಿಕೊಳ್ಳುತ್ತಿದ್ದೆವು. ಬಿಸಿಲು ಕುಡಿದ ಆ ಬಟ್ಟೆಯ ರಾಶಿಯೊಳಗೆ ಮುಖ ಹುದುಗಿಸಿದರೆ ಬರುವ ಪರಿಮಳಕ್ಕೆ ನಾನು ಈಗಲೂ ಏನು ಬೇಕಾದರೂ ಕೊಟ್ಟೇನು.

ಹಾಸುವ ಮುನ್ನಾದಿನ ಸಂಜೆ ಅಕ್ಕ ಬಟ್ಟೆಗಳನ್ನೆಲ್ಲ ತಿರುವಿ ನೋಡಿ, "ದೊಡ್ಡತ್ತೆಯದ್ದು ಎಲ್ಲುಂಟು?" ಎಂದು ಕೇಳಿದಳು.

ಅಮ್ಮ ಹಲಸಿನ ಹಪ್ಪಳ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಅದು ಬೇಡ."

"ಯಾಕೆ ಬೇಡ? ಅದ್ರಾಮ ಬ್ಯಾರಿಗಳ ಲುಂಗಿ ಆಗ್ತದೆ, ದೊಡ್ಡತ್ತೆಯದ್ದು ಆಗುವುದಿಲ್ಲವಾ?"

"ಮದುಮಗಳ ಗೋದಡಿಗೆ ಕೆಂಪು ಸೀರೆ ಸೇರಿಸುವ ಕ್ರಮ ಇಲ್ಲ ಸುಮತಿ. ನಿನಗೆ ಒಳ್ಳೆಯದಾಗಲಿ ಅಂತ ಅಲ್ಲವಾ ಹೇಳುವುದು?"

ನನಗೆ ಆಗ ಎಂಟೋ ಒಂಬತ್ತೋ. ದೊಡ್ಡತ್ತೆ ಹೊಲಿದ ಗೋದಡಿಯನ್ನು ಊರೆಲ್ಲ ಹೊದ್ದು ಮಲಗಬಹುದು, ಅವಳ ಸೀರೆಯ ಒಂದು ಚೂರು ಮಾತ್ರ ಒಳಗೆ ಹೋಗಬಾರದು ಎಂಬುದು ನನ್ನ ತಲೆಗೆ ಹತ್ತಲೇ ಇಲ್ಲ. ನಿಜ ಹೇಳಬೇಕೆಂದರೆ ಈಗಲೂ ಹತ್ತಿಲ್ಲ. ಅಕ್ಕ ಹಟ ಹಿಡಿದಳು. ದೊಡ್ಡತ್ತೆಯ ಚೂರು ಇಲ್ಲದಿದ್ದರೆ ಗೋದಡಿಯೇ ಬೇಡ, ಮುಂಡಾಜೆಯಲ್ಲಿ ಚಳಿಗೆ ಸಾಯುತ್ತೇನೆ ಎಂದಳು. ಮದುವೆ ಮನೆಯಲ್ಲಿ ಸಾಯುವ ಮಾತಾಡಿದಳೆಂದು ಅಮ್ಮನಿಗೆ ಸಿಟ್ಟು ಬಂತು, ಅಳುವೂ ಬಂತು.

ಅಷ್ಟರಲ್ಲಿ ದೊಡ್ಡತ್ತೆಯೇ ಒಳಗಿನಿಂದ ಬಂದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿನಗೆ ಮರ್ಲಾ, ಹುಚ್ಚಾ ಹುಡುಗಿ? ಅಮ್ಮ ಹೇಳುವುದು ಸರಿ. ನನ್ನ ಸೀರೆ ದೊರಗು, ಯಾರಿಗೆ ಬೇಕು? ನಾನು ಹೊಲಿಯುವುದಿಲ್ಲವಾ, ಅಷ್ಟು ಸಾಲದಾ?" ಎಂದು ಅಕ್ಕನ ಬೆನ್ನಿಗೆ ಮೆಲ್ಲನೆ ಒಂದು ಗುದ್ದಿದಳು. ನಕ್ಕಳು. ಆದರೆ ಆ ಸಲ ಕಾರ್ಮಿನ್ ಬಾಯಿಯ ಮನೆಗೆ ಕೇಳುವಷ್ಟು ಜೋರಾಗಿ ನಗಲಿಲ್ಲ.

ಮರುದಿನ ಚಾವಡಿಯಲ್ಲಿ ಅಡಿಯ ಸೀರೆ ಹಾಸಿದರು. ಜಾರದ ಹಾಗೆ ಮೂಲೆಗಳಿಗೆ ಕಾಯಿ ತುರಿಯುವ ಹೆರೆಮಣೆ, ಬೆಲ್ಲದ ಡಬ್ಬ, ಕೈಗೆ ಸಿಕ್ಕ ಭಾರದ ಸಾಮಾನುಗಳು. ಸೂಜಿಗೆ ನೂಲು ಪೋಣಿಸುವುದು ಮಕ್ಕಳ ಕೆಲಸ. ಮದುಮಗಳ ಗೋದಡಿಗೆ ಮೊದಲ ಹೊಲಿಗೆ ಮುತ್ತೈದೆಯದ್ದೇ ಆಗಬೇಕು. ಅದಾಗುವವರೆಗೆ ದೊಡ್ಡತ್ತೆ ಎದುರಿಗೆ ಇರುತ್ತಿರಲಿಲ್ಲ. ಯಾರೂ ಹೇಳುವ ಮೊದಲೇ, ಪುನರ್ಪುಳಿ ಪಾನಕ ಮಾಡ್ತೇನೆ ಎಂದು ಒಳಗೆ ಹೋದಳು.

ಅಮ್ಮ ತುಂಡುಗಳನ್ನು ಒಂದೊಂದಾಗಿ ಹರಡಿದಳು. ಎಲ್ಲ ಮುಗಿದು ಮೇಲಿನ ಸೀರೆ ಮುಚ್ಚಬೇಕು ಎನ್ನುವಾಗ ಅಡುಗೆಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸೊಂಟದ ಹತ್ತಿರ ಸೀರೆಯೊಳಗೆ ಕೈ ಹಾಕಿ ಒಂದು ಕೆಂಪು ಬಟ್ಟೆಯ ಮಡಿಕೆ ತೆಗೆದಳು. ದೊಡ್ಡತ್ತೆಯ ಹಳೆ ಸೀರೆಗಳು ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಮುಗಿದುಹೋಗುತ್ತಿದ್ದವು. ಅಂಥದ್ದೊಂದರ ಸೆರಗನ್ನು ಅಮ್ಮ ರಾತ್ರಿಯೇ ತೆಗೆದಿಟ್ಟಿರಬೇಕು. ಅದನ್ನು ಸರಿಯಾಗಿ ನಡುವಿಗೆ, ಅಪ್ಪನ ಪಂಚೆಯ ಮೇಲೆ ಹಾಸಿದಳು.

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತಗ್ಗಿದ ದನಿಯಲ್ಲಿ ಹೇಳಿದಳು: "ನೀನು ಹುಟ್ಟಿದಾಗ ನನಗೆ ಏಳಲಿಕ್ಕೆ ಆಗುತ್ತಿರಲಿಲ್ಲ. ಅತ್ತಿಗೆಯ ಸೆರಗಲ್ಲೇ ನೀನು ಮಲಗಿ ದೊಡ್ಡವಳಾದದ್ದು. ಆಗ ಆಗದ ಕೆಟ್ಟದ್ದು ಈಗ ಏನಾಗ್ತದೆ? ಸುಮ್ಮನೆ ಬಾಯಿ ಮುಚ್ಚಿಕೊಂಡು ಮೇಲಿನದ್ದು ಹಿಡಿ."

ದೊಡ್ಡತ್ತೆ ಪಾನಕ ತಂದಳು, ಕೂತಳು, ಹೊಲಿಯತೊಡಗಿದಳು. ಅಂಚಿನಿಂದ ಸುರು ಮಾಡಿ ನಡುವಿಗೆ ಬಂದಾಗ ಅವಳ ಸೂಜಿ ನಿಂತಿತು. ಬೆರಳಿಂದ ಒತ್ತಿ ನೋಡಿದಳು.

"ಇಲ್ಲಿ ಏನೋ ದೊರಗು ಉಂಟಲ್ಲ ಪದ್ಮಾ" ಎಂದು ಅಮ್ಮನಿಗೆ ಹೇಳಿದಳು.

"ಏನಿಲ್ಲ ಅತ್ತಿಗೆ, ನೀವು ಹೊಲಿಯಿರಿ."

ದೊಡ್ಡತ್ತೆ ಅಮ್ಮನ ಮುಖ ನೋಡಿದಳು. ಅಮ್ಮ ಸೂಜಿಗೆ ನೂಲು ಪೋಣಿಸುವವಳ ಹಾಗೆ ಮಾಡಿದಳು, ನೂಲು ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ಆಮೇಲೆ ದೊಡ್ಡತ್ತೆ ಮತ್ತೆ ಹೊಲಿದಳು. ಆ ನಡುಭಾಗದ ಹೊಲಿಗೆಯಷ್ಟು ಒತ್ತಾದ, ಸಣ್ಣ ಹೊಲಿಗೆಯನ್ನು ಅವಳು ಬೇರೆ ಯಾವ ಗೋದಡಿಗೂ ಹಾಕಿದ್ದನ್ನು ನಾನು ನೋಡಿಲ್ಲ.

ಮದುವೆ ಆಯಿತು. ಗೋದಡಿ ಅಕ್ಕನ ಜೊತೆ ಬಸ್ಸು ಹತ್ತಿ ಹೋಯಿತು. ಅದಾಗಿ ಕೆಲವು ದಿನಕ್ಕೆ, ಹಿತ್ತಲಲ್ಲಿ ದೊಡ್ಡತ್ತೆಯ ಸೀರೆಯನ್ನು ಹಿಂಡುತ್ತಿದ್ದ ಅಮ್ಮ ಒಮ್ಮೆಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಬಕೆಟಿನ ನೀರು ಎಂದಿನ ಹಾಗೆ ಕೆಂಪಾಗಿತ್ತು. ಆ ಕೆಂಪು ಒಗೆದಷ್ಟೂ ಬಣ್ಣ ಬಿಡುವ ಕೆಂಪು. ಅದಕ್ಕೇ ಅವಳ ಸೀರೆಯನ್ನು ವರ್ಷಗಳಿಂದ ನಾವು ಬೇರೆಯೇ ಒಗೆಯುತ್ತಿದ್ದದ್ದು. ಎಷ್ಟು ಅಭ್ಯಾಸವಾಗಿತ್ತೆಂದರೆ ಯಾಕೆ ಬೇರೆ ಒಗೆಯುತ್ತೇವೆ ಎಂಬುದೇ ಮರೆತುಹೋಗಿತ್ತು. ಗೋದಡಿಯ ಮೇಲಿನ ಪದರ ಅಮ್ಮನ ತಿಳಿಹಳದಿ ಸೀರೆ. ಮುಂಡಾಜೆಯಲ್ಲಿ ಅದನ್ನು ಮೊದಲ ಸಲ ಒಗೆದ ದಿನ ಗುಟ್ಟು ಹೊರಬೀಳುವುದು ಖಂಡಿತ.

ಅಕ್ಕನ ಅತ್ತೆ ಕ್ರಮ ತಪ್ಪದವರು ಎಂದು ಹೆಸರಾದವರು. ಆ ಮಳೆಗಾಲ ಪೂರ್ತಿ ಅಮ್ಮನಿಗೆ ಅದೇ ಚಿಂತೆ. ದೊಡ್ಡತ್ತೆಗೂ ಹೇಳುವಂತಿಲ್ಲ. ಅಂಚೆಯವನು ಜಗಲಿಗೆ ಬಂದರೆ ಸಾಕು, ಒಲೆ ಬಿಟ್ಟು ಓಡಿ ಬರುತ್ತಿದ್ದಳು. ಏನೂ ಸುದ್ದಿ ಬರದಿದ್ದದ್ದೇ ಅವಳಿಗೆ ಇನ್ನೂ ಹೆದರಿಕೆಯಾಯಿತು.

ನವರಾತ್ರಿಯ ಹೊತ್ತಿಗೆ ಅಮ್ಮ ನನ್ನನ್ನು ಕರಕೊಂಡು ಬೆಳ್ತಂಗಡಿ ಮಾರ್ಗವಾಗಿ ಮುಂಡಾಜೆಗೆ ಹೋದಳು. ಬಸ್ಸಿಳಿದು ನಡೆದು ಮನೆಯಂಗಳಕ್ಕೆ ಕಾಲಿಟ್ಟರೆ ಎದುರಿಗೇ ಹಗ್ಗದ ಮೇಲೆ ಗೋದಡಿ ಒಣಗಲು ಬಿದ್ದಿತ್ತು. ತಿಳಿಹಳದಿಯ ನಟ್ಟನಡುವೆ ಅಗಲಕ್ಕೆ ಕೆಂಪು ಹಬ್ಬಿತ್ತು. ಅಮ್ಮ ನನ್ನ ಕೈಯನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ನಾನು ಅಯ್ಯೋ ಎಂದುಬಿಟ್ಟೆ.

ಅಕ್ಕನ ಅತ್ತೆ ನೀರು ಬೆಲ್ಲ ತಂದಿಟ್ಟರು. ಅಮ್ಮ ಮುಟ್ಟಲಿಲ್ಲ. ಅವರು ಅಂಗಳದ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ ನೋಡಿದರು.

"ಅದು ಯಾವ ಕೆಂಪು ಅಂತ ನನಗೆ ಗೊತ್ತಾಗುವುದಿಲ್ಲವಾ? ನನ್ನ ಅಮ್ಮನೂ ಅದನ್ನೇ ಉಟ್ಟವಳು."

ಅಮ್ಮ ಏನೋ ಹೇಳಲು ಹೋದಳು. ಅವರು ಕೈ ಎತ್ತಿ ತಡೆದರು.

"ಒಂದು ಮಾತು ಹೇಳಿ ಕಳಿಸಬೇಕಿತ್ತು ನೀವು. ಬೇರೆ ಒಗೆಯುತ್ತಿದ್ದೆ. ನಮ್ಮನೆಯವರ ಎರಡು ಒಳ್ಳೆ ಪಂಚೆ ಕೆಂಪಾಯಿತು. ಈಗ ಅದನ್ನುಟ್ಟು ಬೆಳ್ತಂಗಡಿಗೆ ಹೋಗ್ಲಿಕ್ಕೆ ಆಗುವುದಿಲ್ಲ ಅಂತ ದಿನಾ ನನಗೆ ಬೈಗುಳ." ಅಷ್ಟು ಹೇಳಿ ಲೋಟವನ್ನು ಅಮ್ಮನ ಹತ್ತಿರ ಸರಿಸಿ, "ಕುಡಿಯಿರಿ, ಬಿಸಿಲಲ್ಲಿ ಬಂದಿದ್ದೀರಿ" ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಯುವ ಮೊದಲೇ ನಗು ಬಂತು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅಕ್ಕನೂ ಹಾಗೆಯೇ.

ಮನೆಗೆ ಬಂದು ಅಮ್ಮ ಎಲ್ಲವನ್ನೂ ದೊಡ್ಡತ್ತೆಗೆ ಹೇಳಿದಳು. ದೊಡ್ಡತ್ತೆ ತರಕಾರಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ, "ಉಪ್ಪುನೀರಲ್ಲಿ ನೆನೆಸಿ ಹಾಕಿದ್ದರೆ ಬಣ್ಣ ಅಷ್ಟು ಬಿಡುತ್ತಿರಲಿಲ್ಲ. ನನ್ನನ್ನು ಕೇಳಬಾರದಿತ್ತಾ ಪದ್ಮಾ?" ಎಂದಳು. "ಕೇಳಿದ್ದರೆ ನೀವು ಕೊಡುತ್ತಿದ್ದಿರಾ ಅತ್ತಿಗೆ?" ಎಂದು ಅಮ್ಮ. ದೊಡ್ಡತ್ತೆ ಹೆಚ್ಚಿದ ತರಕಾರಿಯನ್ನು ಎತ್ತಿಕೊಂಡು ಒಳಗೆ ಹೋದಳು. ಆದರೆ ಮರುವರ್ಷ ಅಕ್ಕ ಬಾಣಂತನಕ್ಕೆ ಬಂದಾಗ ಮಗುವಿಗೆ ಹೊಲಿದ ಪುಟ್ಟ ಗೋದಡಿಗೆ ಯಾರನ್ನೂ ಕೇಳದೆ ತಾನೇ ಒಂದು ಕೆಂಪು ತುಂಡು ತಂದಳು. ಒಳಪದರದಲ್ಲಲ್ಲ, ಎಲ್ಲರಿಗೂ ಕಾಣುವ ಹಾಗೆ ಮೇಲೆಯೇ ಇಟ್ಟು ಹೊಲಿದಳು. ಅಮ್ಮನೇ ಸೂಜಿಗೆ ನೂಲು ಪೋಣಿಸಿ ಕೊಟ್ಟಳು.

ದೊಡ್ಡತ್ತೆ ಹೋಗಿ ಬಹಳ ಕಾಲವಾಯಿತು. ಅಮ್ಮನೂ ಹೋದಳು, ಅಕ್ಕನೂ. ಅಕ್ಕನ ಗೋದಡಿ ಸವೆದು ಸವೆದು, ಅದರ ತುಂಡುಗಳು ಮತ್ತೊಂದು ಗೋದಡಿಯ ಒಳಗೆ ಸೇರಿ, ಅದೂ ಮುಗಿಯಿತು. ಈಗ ನಾನು ಮೂಡುಬಿದಿರೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ನನ್ನ ಮೆದುವಾದ ಹತ್ತಿ ಸೀರೆಗಳು ಪೆಟ್ಟಿಗೆ ತುಂಬ ಉಂಟು. ಯಾರ ಮದುವೆಗೂ ಯಾರೂ ಬಂದು ನಿಮ್ಮದೊಂದು ತುಂಡು ಕೊಡಿ ಎಂದು ಕೇಳುವುದಿಲ್ಲ. ಹೊಲಿಯೋಣವೆಂದರೆ ಕಣ್ಣೂ ಇಲ್ಲ, ಸುತ್ತ ಕೂರುವವರೂ ಇಲ್ಲ. ಕಪಾಟಿನಲ್ಲಿ ಹೊದಿಕೆಗಳಿಗೇನೂ ಕಮ್ಮಿಯಿಲ್ಲ; ಮಂಗಳೂರಿನ ದೊಡ್ಡ ಅಂಗಡಿಯವು, ಹಗುರ, ನುಣುಪು, ಮಿಷನ್ನಿಗೆ ಹಾಕಿದರೂ ಬಣ್ಣ ಬಿಡುವುದಿಲ್ಲ. ಬೆಚ್ಚಗೂ ಇವೆ, ಸುಳ್ಳು ಹೇಳಬಾರದು. ಆದರೆ ಒಂದರೊಳಗೂ ಯಾರೂ ಇಲ್ಲ.