ನಾಲ್ಕಕ್ಕೆ ಎಂಟು ನಿಮಿಷ ಇರುವ ಗಾಂಧಾರ

ಒಬ್ಬರ ಹಾಡು ನಿಲ್ಲಿಸಿದವನು ನಾನು. ಹಾಗೆಂದು ನನ್ನ ನೆನಪು. ನೆನಪು ನನ್ನನ್ನು ಹೊಗಳಿದಾಗ ನಾನು ನಂಬುವುದಿಲ್ಲ. ಬೈದಾಗ ಕೊಂಚ ನಂಬುತ್ತೇನೆ.

ಹಾಲ್ಕುರಿಕೆಯ ನಮ್ಮ ಸೋಮವಾರದ ಭಜನೆಗೆ ಸೋದರತ್ತೆ ಗೌರಮ್ಮನವರೇ ಮೊದಲ ದನಿ. ಓದು ಮುಗಿಸಿ ಬಂದ ಹೊಸತರಲ್ಲಿ ನಾನು ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತಿದ್ದೆ. ಒಂದು ದಿನ ಎಲ್ಲರೆದುರೇ, "ಅತ್ತೆ, ನಿಮ್ಮ ಗಾಂಧಾರ ಇಳೀತದೆ. ಪೆಟ್ಟಿಗೆ ಜೊತೆ ಸೇರಲ್ಲ" ಅಂದೆ. ಪೆಟ್ಟಿಗೆ ಸುಳ್ಳು ಹೇಳೀತೆ? ಮುಂದಿನ ವಾರದಿಂದ ಅತ್ತೆ ಬರೀ ತಾಳ ಹಾಕುತ್ತ ಕೂತರು. ವರ್ಷಗಳಾದವು.

ಈಚೆಗೆ ಸ್ವರಗಳ ಅಂತರ ಗೊತ್ತುಮಾಡುವ ಬೇರೆ ಬೇರೆ ಶ್ರುತಿಕ್ರಮಗಳ ಬಗ್ಗೆ ಓದುವಾಗ ನನ್ನ ತಪ್ಪು ತಿಳಿಯಿತು. ಹಾರ್ಮೋನಿಯಂ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ ಹನ್ನೆರಡು ಸಮಪಾಲು ಮಾಡಿಬಿಡುತ್ತದೆ, ಗಡಿಯಾರದ ಮುಖದ ಹಾಗೆ. ಹನ್ನೆರಡಕ್ಕೆ ಷಡ್ಜ, ಏಳಕ್ಕೆ ಪಂಚಮ, ನಾಲ್ಕಕ್ಕೆ ಸರಿಗಮದ ಗ, ಅಂದರೆ ಗಾಂಧಾರ. ಆದರೆ ತಂಬೂರಿಯ ತಂತಿಯೊಳಗಿಂದ ತಾನಾಗಿ ಏಳುವ ಗಾಂಧಾರ ನಾಲ್ಕಕ್ಕೆ ಎಂಟು ನಿಮಿಷ ಇರುವಾಗಲೇ ಬಂದುಬಿಡುತ್ತದೆ. ಅತ್ತೆ ಹಾಡುತ್ತಿದ್ದುದು ಅದನ್ನೇ ಇರಬೇಕು. ನಮ್ಮ ತಿಪಟೂರು ಬಸ್ಸಿಗೆ ಎಂಟು ನಿಮಿಷ ಲೆಕ್ಕವೇ ಅಲ್ಲ, ಕಿವಿಗೆ ಲೆಕ್ಕ.

ಇದನ್ನು ಅತ್ತೆಗೆ ತೋರಿಸುವುದು ಹೇಗೆ? ಕಾಗದದಲ್ಲಿ ಬರೆದರೆ ಜೇಡರ ಬಲೆಯಾಯಿತು. ಕೊಬ್ಬರಿಯಾಗಲೆಂದು ಅಟ್ಟದಲ್ಲಿ ಹಾಕಿದ್ದ ಕಾಯಿಗಳನ್ನು ಇಳಿಸಿ, ಅಂಗಳದಲ್ಲಿ ಹನ್ನೆರಡನ್ನು ಗಡಿಯಾರದ ಹಾಗೆ ದುಂಡಗೆ ಜೋಡಿಸಿದೆ. ಅತ್ತೆಯ ಗಾಂಧಾರವೆಂದು ಹದಿಮೂರನೆಯದನ್ನು ನಾಲ್ಕಕ್ಕಿಂತ ತುಸು ಮೊದಲು ಇಟ್ಟರೆ ನಾಲ್ಕರ ಕಾಯಿಗೆ ಢಿಕ್ಕಿ. ವೃತ್ತ ಹಿಗ್ಗಿಸಿ ಹಿಗ್ಗಿಸಿ ಅಂಗಳವೇ ತುಂಬಿತು.

"ಇದೇನ್ಲಾ, ಯಾರಿಗೆ ಮಾಟ ಮಾಡ್ಸಿದೀಯ?" ಅತ್ತೆ ಬಾಗಿಲಲ್ಲೇ ನಿಂತರು.

"ಪೆಟ್ಟಿಗೆ ಗಾಂಧಾರ ಅಲ್ಲಿ, ನಿಮ್ಮದು ಇಲ್ಲಿ. ತಪ್ಪು ನಂದು ಅತ್ತೆ."

ಅವರು ಹದಿಮೂರನೆಯ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ನೀರು ಕುಲುಕಿತು. "ಇನ್ನೂ ಹಸಿ ಐತೆ. ಇದನ್ನ ಯಾಕಪ್ಪ ಇಳಿಸ್ದೆ? ಅಟ್ಟಕ್ಕಾಕು." ಆಮೇಲೆ ಮೆಲ್ಲಗೆ, "ಗಾಂಧಾರಕ್ಕೆ ನಾನು ಹಾಡೋದು ಬುಟ್ಟಿದ್ದಲ್ಲ ಕಣಪ್ಪ. ಅಷ್ಟು ಜನದ ಮುಂದೆ ಅಂದ್ಯಲ್ಲ, ಅದುಕ್ಕೆ."

ಇಷ್ಟು ಕಾಯಿ ಹೊತ್ತಿಳಿಸಿದ ಬೆನ್ನು ಆಗ ನೋಯತೊಡಗಿತು. "ಸೋಮವಾರ ಅಷ್ಟೂ ಜನದ ಮುಂದೇನೇ ಹೇಳ್ತೀನಿ" ಅಂದೆ.

"ಹೇಳು. ಕಾಯಿ ಮಾತ್ರ ತರಬ್ಯಾಡ."

ಹೇಳಿದೆ. ಎರಡೇ ಮಾತು, ಗಡಿಯಾರವೂ ಇಲ್ಲ, ಶ್ರುತಿಕ್ರಮವೂ ಇಲ್ಲ. ಹಾರ್ಮೋನಿಯಂ ಮುಚ್ಚಿಟ್ಟು ತಂಬೂರಿ ಹಿಡಿದೆ. ಅತ್ತೆ ತಾಳ ಪಕ್ಕಕ್ಕಿಟ್ಟು, ಗಂಟಲು ಸರಿಮಾಡಿಕೊಂಡು ಹಾಡಿದರು. ಸ್ವರ ಅಳೆಯುವ ಆ್ಯಪ್ ಇದ್ದ ಫೋನು ಜೇಬಿನಲ್ಲೇ ಇತ್ತು. ಅವರ ಗಾಂಧಾರ ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಬಂತೋ, ಹತ್ತು ನಿಮಿಷ ಇರುವಾಗಲೋ, ಪ್ರಮಾಣ ಮಾಡಿ ಹೇಳಲಾರೆ. ಆ ಹೊತ್ತಿಗೆ ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ.