ತವರಿನ ಬಿಸಿಲು

ಆ ಬಂದರಿನ ಊರಲ್ಲಿ ವರ್ಷದ ಮುಕ್ಕಾಲು ಪಾಲು ಆಕಾಶಕ್ಕೆ ಒಂದೇ ಬಣ್ಣ, ಬೂದಿ ಬಣ್ಣ. ಅಂಥ ಕಡೆ ಲಾಂಡ್ರಿ ನಡೆಸುವುದೆಂದರೆ ಹುಡುಗಾಟವಲ್ಲ. ಒಗೆಯಲು ಮೆಷಿನ್ನಿತ್ತು, ಇಸ್ತ್ರಿಗೆ ಗಂಡನಿದ್ದ. ಒಣಗಿಸುವ ಪಾಡು ಮಾತ್ರ ಸೊಸೆಯದು. ಮಹಡಿಯ ತಗಡಿನ ಸೂರಿನಡಿ ಹಗ್ಗ ಕಟ್ಟಿ, ಫ್ಯಾನು ಹಾಕಿ, ಚಾದರಗಳನ್ನು ಮಗುಚಿ ಮಗುಚಿ ಹಾಕಿದರೂ ಅಂಚುಗಳು ತಣ್ಣಗೇ ಇರುತ್ತಿದ್ದವು. ಬೇಸತ್ತು ಹಾಗೇ ಮಡಿಸಿಡುವಳು. ಮಾರನೆಯ ದಿನ ಗಿರಾಕಿಗಳು ಮೂಗಿನ ಹತ್ತಿರ ಹಿಡಿದು, ಮುಗ್ಗಲು ವಾಸನೆ ಅನ್ನುವರು.

ಆಗ ಅವಳ ಬಾಯಲ್ಲಿ ಒಂದೇ ಮಾತು: ನಮ್ಮೂರಲ್ಲಾಗಿದ್ದರೆ ಬೆಳಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಗರಿಗರಿ. ಅವಳ ತವರೂ ಕಡಲ ದಂಡೆಯದೇ, ಅಲ್ಲೂ ಮೋಡವೇ. ಅದನ್ನು ಅವಳು ಇಲ್ಲವೆನ್ನುತ್ತಿರಲಿಲ್ಲ. ಆದರೆ ಅಲ್ಲಿನದು ತೆಳು ಮೋಡವಂತೆ, ಹತ್ತು ಗಂಟೆಗೆಲ್ಲ ಗಾಳಿ ಬಂದು ಗುಡಿಸಿಕೊಂಡು ಹೋಗುತ್ತಂತೆ. ಇಲ್ಲಿನ ಮೋಡವೋ, ಕರೆಯದೆ ಬಂದ ನೆಂಟ, ಚಾಪೆ ಹಾಸಿಕೊಂಡು ಕೂತರೆ ಏಳುವ ಮಾತೇ ಇಲ್ಲ. ಇದನ್ನು ಕೇಳಿ ಕೇಳಿ ಗಿರಾಕಿಗಳು ಅವಳಿಗೆ ‘ನಮ್ಮೂರಕ್ಕ’ ಅಂತಲೇ ಹೆಸರಿಟ್ಟಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು ಅಂತ ಗಂಡ ಒಮ್ಮೆ ಗೊಣಗಿ, ಎರಡು ದಿನ ಮಾತಿಲ್ಲದೆ ಊಟ ಮಾಡಿದ್ದ.

ಅತ್ತೆ ಹುಟ್ಟಿ ಬೆಳೆದದ್ದೆಲ್ಲ ಇದೇ ಊರಲ್ಲಿ. ಅಂಗಡಿಯ ಮೂಲೆಯಲ್ಲಿ ಕೂತು ಕಿತ್ತುಹೋದ ಗುಂಡಿಗಳನ್ನು ಹೊಲಿಯುವುದು ಆಕೆಯ ಕೆಲಸ. ಸೊಸೆ ತವರಿನ ಬಿಸಿಲು ಹೊಗಳತೊಡಗಿದರೆ ಆಕೆ ಸೂಜಿ ನಿಲ್ಲಿಸಿ, ತಾನೇ ಆ ಮೋಡಗಳನ್ನು ನೇತುಹಾಕಿದವಳಂತೆ, "ಏನ್ಮಾಡೋದಮ್ಮ, ನಮ್ಮೂರೇ ಹೀಗೆ. ನಿನಗೆ ಕಷ್ಟ ಆಯ್ತು" ಅನ್ನುವಳು. ಹೋಗಲಿ ಬಿಡಿ ಅತ್ತೆ ಅಂತ ಸೊಸೆ ಒಂದು ದಿನವೂ ಅಂದವಳಲ್ಲ. ಅತ್ತೆಯಿಂದ ಹಾಗೆ ಅನ್ನಿಸಿಕೊಳ್ಳುವುದರಲ್ಲಿ ಅವಳಿಗೊಂದು ಸಣ್ಣ ಸುಖವಿತ್ತು.

ಒಂದು ವರ್ಷ ಥಂಡಿಗೆ ಅತ್ತೆಯ ಮೊಣಕಾಲು ಬಾತುಕೊಂಡಿತು. ಒಳ್ಳೆ ಬಿಸಿಲು ಬಿದ್ದರೆ ನೋವು ಕಮ್ಮಿಯಾದೀತು ಎಂದು ಡಾಕ್ಟರು ಹಾಗೇ ಮಾತಿಗೆ ಹೇಳಿದರು. ಅವತ್ತೇ ಅತ್ತೆ ಸೊಸೆಯನ್ನು ಕರೆದು ಕೇಳಿದಳು: "ನಿಮ್ಮೂರಿಗೆ ನನ್ನನ್ನ ಒಂದ್ಸಲ ಕರ್ಕೊಂಡು ಹೋಗ್ತೀಯಾ?"

ಅಪ್ಪ ಅಮ್ಮ ಹೋದ ಮೇಲೆ ಸೊಸೆ ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿರುವ ನಮ್ಮ ಅಕ್ಕನ ಮನೆ ಚಿಕ್ಕದು, ರೈಲಿನಲ್ಲಿ ಕೂರುವುದು ನಿಮಗಾಗದು ಅಂತ ನೆಪ ಹೇಳಿ ನೋಡಿದಳು. ಗಂಡ ಆಗಲೇ ಟಿಕೆಟ್ ತಂದಿದ್ದ. ಹೇಳಿ ಹೇಳಿ ಅವಳಿಗೂ ಅರ್ಧ ನಂಬಿಕೆ ಬಂದುಬಿಟ್ಟಿತ್ತು. ಇರಬಹುದೇನೋ, ಬಂದರೂ ಬಂದೀತು ಅಂದುಕೊಂಡು ಹೊರಟಳು.

ರೈಲು ಇಳಿದಾಗ ಆಕಾಶ ಅದೇ ಬೂದಿ ಬಣ್ಣ. ಇಲ್ಲಿ ಅದರ ಜೊತೆಗೆ ಜಿಟಿಜಿಟಿ ಹನಿ ಬೇರೆ. ಬೆಳಗಾದರೆ ಅತ್ತೆ ಅಕ್ಕನ ಮನೆಯ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಮೊಣಕಾಲಿಗೆ ಎಣ್ಣೆ ಸವರಿ, ಸೆರಗು ಹೊದ್ದು ಕಾಯುವಳು. ಈ ಸಲ ಯಾಕೋ ಹೀಗಾಗಿದೆ, ನಾಳೆ ಬಂದೇ ಬರುತ್ತೆ ಅಂತ ಸೊಸೆ ದಿನಾ ಹೇಳುವಳು. ನಿಧಾನಕ್ಕೆ ಬರಲಿ ಬಿಡು, ಅದಕ್ಕೇನು ಅವಸರ ಅನ್ನುವಳು ಅತ್ತೆ.

ಮೂರ್ನಾಲ್ಕು ದಿನ ಇದನ್ನು ನೋಡಿದ ಅಕ್ಕ, ಒಂದು ಬೆಳಗ್ಗೆ ಟೀ ಕೊಡುತ್ತಾ ನಕ್ಕಳು. ಅವಳಿಗೆ ಕೇಡಿನ ಬುದ್ಧಿಯೇನೂ ಇರಲಿಲ್ಲ.

"ಈ ಊರಲ್ಲಿ ಬಿಸಿಲಾ? ನಮ್ಮಮ್ಮ ವರ್ಷವಿಡೀ ಒಲೆ ಮೇಲೆ ದಾರ ಕಟ್ಟಿ ಬಟ್ಟೆ ಒಣಗಿಸ್ತಿದ್ರು. ಇವಳಂತೂ ಮದುವೆ ಗೊತ್ತಾದ ದಿನವೇ, ಸದ್ಯ ಈ ಮೋಡದಿಂದ ಪಾರಾದೆ ಅಂತ ಕುಣಿದಾಡಿದ್ದಳು."

ಸೊಸೆಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಅತ್ತೆ ಒಂದು ಮಾತು ಬೈದರೆ ತಡೆದುಕೊಳ್ಳೋಣವೆಂದು ಹಲ್ಲು ಕಚ್ಚಿ ನಿಂತಳು. ಅತ್ತೆ ಸೀರೆಯನ್ನು ಮೆಲ್ಲಗೆ ಮೊಣಕಾಲ ಮೇಲೆ ಎಳೆದುಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ. ಎಷ್ಟೋ ಕಾಲದ ಅಪವಾದ ಕಳೆದವಳ ಹಾಗೆ ಹಗುರಾಗಿ ಉಸಿರುಬಿಟ್ಟು, "ಹಾಗಾದ್ರೆ ನಮ್ಮೂರು ಅಷ್ಟೇನೂ ಕೆಟ್ಟದ್ದಲ್ಲ, ಅಲ್ವೇನಮ್ಮ?" ಅಂದಳು.

ಸೊಸೆ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದಳು. ನಲ್ಲಿ ಬಿಟ್ಟುಕೊಂಡು, ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಇಷ್ಟು ವರ್ಷ ಈ ಮುದುಕಿ ಆಕಾಶದ ತಪ್ಪಿಗೆ ತಲೆ ತಗ್ಗಿಸಿತ್ತು, ಹಾಗೆ ತಗ್ಗಿಸುವಂತೆ ಮಾಡಿದ್ದು ತಾನು.

ಊರಿಗೆ ಮರಳಿದ ಮೇಲೆ, ಅಂಗಿ ಒಯ್ಯಲು ಬಂದ ಅಂಚೆ ಕಚೇರಿಯ ಗುಮಾಸ್ತರು ತಮಾಷೆಗೆ ಕೇಳಿದರು, ನಮ್ಮೂರಕ್ಕನ ಊರಿನ ಬಿಸಿಲು ಹೇಗಿತ್ತಜ್ಜಿ ಅಂತ. ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಚೆನ್ನಾಗಿತ್ತಪ್ಪ. ಕಾಲು ಎಷ್ಟೋ ವಾಸಿ."

ನೇತುಹಾಕಿದ ಕೋಟುಗಳ ಹಿಂದೆ ನಿಂತಿದ್ದ ಸೊಸೆಗೆ ಕಿವಿ ಕಾದು ಹೋಯಿತು. ಅತ್ತೆ ಚಾಡಿ ಹೇಳಿದ್ದರೆ ಎದುರು ಮಾತಾಡಿಬಿಡುತ್ತಿದ್ದಳು. ಇದನ್ನು ಕೇಳಿಕೊಂಡು ಅಲ್ಲೇ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗಲ್ಲಾಪೆಟ್ಟಿಗೆಯ ಮೇಲೆ ಕೈಯೂರಿ ನಿಂತಳು.

"ಅತ್ತೆ ನನ್ನ ಮಾನ ಉಳಿಸೋಕೆ ಹೇಳ್ತಿದ್ದಾರೆ, ಸಾರ್. ಅಲ್ಲಿ ಬಿಸಿಲೂ ಇಲ್ಲ, ಏನೂ ಇಲ್ಲ, ಇದೇ ಮೋಡ. ನಿಮ್ಮ ಬಟ್ಟೆ ವಾಸನೆ ಹೊಡೆಯೋದು ಊರಿಂದಲ್ಲ, ನಾನು ಹಸಿ ಹಸಿಯಾಗೇ ಮಡಿಸೋದ್ರಿಂದ."

ಗುಮಾಸ್ತರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಂಗಿಯನ್ನು ಮೂಸದೆಯೇ ಬಗಲಿಗಿಟ್ಟುಕೊಂಡು ಹೋದರು. ಇಸ್ತ್ರಿ ಮೇಜಿನ ಹತ್ತಿರ ಗಂಡನ ಕೈ ನಿಂತಿತ್ತು. ಅದನ್ನೆಲ್ಲ ಹೇಳೋ ಅಗತ್ಯ ಏನಿತ್ತು ಅಂತ ಅತ್ತೆ ಮೆಲುದನಿಯಲ್ಲಿ ಗದರಿದಳು.

ಅಂದಿನಿಂದ ಬಟ್ಟೆ ಒಂದು ದಿನ ತಡವಾಗಿ ಕೊಡುವುದಾಯಿತು. ಕೆಲವು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಒಣಗಿಸುವ ಜಾಗಕ್ಕೆ ಒಂದು ಹೀಟರು ಬಂತು. ಸೊಸೆ ಅತ್ತೆಯ ಕೈಹಿಡಿದು ಮಹಡಿ ಹತ್ತಿಸಿ, ಅದರ ಮುಂದೆ ಕೂರಿಸಿ, ಕಾಲಿಗೆ ಎಣ್ಣೆ ತಿಕ್ಕುವಳು. ಅತ್ತೆ ಅದೂ ಇದೂ ಮಾತಾಡುತ್ತಿದ್ದರೆ ಇವಳು ಹೂಂಗುಟ್ಟುವಳು. ಆದರೆ ಆಕೆಯ ಮುಖ ನೋಡಿ ಮಾತಾಡುವುದು ಬಹಳ ದಿನದವರೆಗೂ ಅವಳಿಂದಾಗಲಿಲ್ಲ.