ಒಲೆಯ ಪಕ್ಕದ ಕೋಳಿ

ಐವತ್ತರ ದಶಕದ ಒಂದು ಮಳೆಗಾಲ. ಅಶೋಕಪುರಂನ ನಮ್ಮ ಹಿತ್ತಿಲ ಕರಿಕೋಳಿಗೆ ನೆಗಡಿ ಹಿಡಿದು ಗಂಟಲು ಗೊರಗುಟ್ಟುತ್ತಿತ್ತು. ಬೆಚ್ಚಗಿರಲೆಂದು ಅವ್ವ ಅದನ್ನು ಬುಟ್ಟಿಯಲ್ಲಿ ಒಲೆಯ ಪಕ್ಕ ಇಟ್ಟುಕೊಂಡು, ಬೆಳ್ಳುಳ್ಳಿ ಅರೆದು ತಿನ್ನಿಸುತ್ತಿದ್ದಳು. ಹಸಿ ಸೌದೆಯ ಹೊಗೆ ಅಡುಗೆಮನೆ ತುಂಬ. ಕೋಳಿ ಬಾಯಿ ತೆರೆದು ಏದುಸಿರು ಬಿಡತೊಡಗಿತು.

ಅಪ್ಪ ಬಾಗಿಲಲ್ಲೇ ನಿಂತು ಅವ್ವನ ಮೇಲೆ ರೇಗಿದ: “ಈ ಹೊಗೇಲಿ ಅದು ಉಸ್ರಾಡೋದು ಎಂಗಮ್ಮಿ? ಮೊದ್ಲು ಆಚೆ ಮಡಗು.”

ಅವ್ವ ಕೆಮ್ಮುತ್ತಲೇ ಬುಟ್ಟಿಯನ್ನು ಜಗಲಿಗೆ ತಂದಿಟ್ಟಳು. ಕೋಳಿ ಕ್ರಮೇಣ ಚೇತರಿಸಿಕೊಂಡಿತು. ಅಪ್ಪನ ಬುದ್ಧಿಯನ್ನು ಎಲ್ಲರೂ ಹೊಗಳಿದೆವು. ಅವ್ವನೂ ಹೊಗಳಿ, ಸೆರಗಿನಿಂದ ಬಾಯಿ ಒತ್ತಿಕೊಂಡು, ಒಲೆ ಊದಲು ಮತ್ತೆ ಒಳಗೆ ಹೋದಳು.

ಆ ಕೆಮ್ಮು ಅವಳನ್ನು ಸಾಯುವವರೆಗೂ ಬಿಡಲಿಲ್ಲ. ಈಗ ನೆನೆದರೆ ಮೈ ಉರಿಯುತ್ತದೆ. ನೀನೂ ಈಚೆ ಬಾ ಅವ್ವ ಎಂಬ ಮಾತು ನಮ್ಮಲ್ಲಿ ಒಬ್ಬರ ಬಾಯಿಗೂ ಬರಲಿಲ್ಲ.